ಕಾರ್ಡಿನ ಕಳವು, ಹೆಸರಿನ ಕಳವು

ಕ್ರೆಡಿಟ್ ಕಾರ್ಡ್ ವಂಚನೆಯಲ್ಲಿ ಹೋಗುವುದು ಹಣ, ಗುರುತಿನ ಕಳವಿನಲ್ಲಿ ಹೋಗುವುದು ಹೆಸರು. ಮೊದಲನೆಯದರಲ್ಲಿ ಇನ್ನೊಬ್ಬರ ಕಾರ್ಡಿನ ವಿವರ ಬಳಸಿ ಸಾಮಾನು ಕೊಳ್ಳುತ್ತಾರೆ, ಇಲ್ಲವೇ ನಗದು ತೆಗೆಯುತ್ತಾರೆ. ಎರಡನೆಯದರಲ್ಲಿ ಇನ್ನೊಬ್ಬರ ಪ್ಯಾನ್, ಆಧಾರ್, ಸಹಿ, ಬೆರಳಚ್ಚು ಮುಂದಿಟ್ಟು ಅವರೇ ತಾವೆಂದು ನಂಬಿಸಿ ಹೊಸ ಸಾಲ, ಹೊಸ ಕಾರ್ಡ್, ಹೊಸ ಸಿಮ್ ಪಡೆಯುತ್ತಾರೆ. ಕಾರ್ಡನ್ನು ಒಂದು ಫೋನ್ ಕರೆಯಲ್ಲಿ ರದ್ದು ಮಾಡಿಸಬಹುದು. ಹುಟ್ಟಿದ ದಿನಾಂಕವನ್ನಾಗಲಿ ಬೆರಳಚ್ಚನ್ನಾಗಲಿ ಹಾಗೆ ರದ್ದು ಮಾಡಿಸಲು ಬರುವುದಿಲ್ಲ. ಹೀಗಾಗಿ ಎರಡರ ಪರಿಹಾರದ ದಾರಿ ಬೇರೆ, ಗಡುವು ಬೇರೆ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ, ಸೈಬರ್ ವಂಚನೆಯಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು. ರೈಲ್ವೆ ಕಾರ್ಯಾಗಾರವನ್ನೂ ರೈಲು ನಿಲ್ದಾಣವನ್ನೂ ಮಗ್ಗುಲಲ್ಲಿಟ್ಟುಕೊಂಡ ಮೈಸೂರಿನ ಅಶೋಕಪುರಂನಂಥ ಬಡಾವಣೆಯಲ್ಲಿ ಸಂಬಳ, ಪಿಂಚಣಿ, ಸಣ್ಣ ಅಂಗಡಿಯ ಆದಾಯದ ಮೇಲೆ ನಡೆಯುವ ಮನೆಗೆ ಐವತ್ತು ಸಾವಿರ ರೂಪಾಯಿಯ ಒಂದು ಅಪರಿಚಿತ ಖರೀದಿ ಸಾಕು, ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಇಂಥ ನಷ್ಟದ ವಿರುದ್ಧ ಗ್ರಾಹಕರಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಅದರ ಬಹುಪಾಲು ಗಡಿಯಾರಕ್ಕೂ ಕಾಗದಪತ್ರಕ್ಕೂ ಕಟ್ಟುಬಿದ್ದಿದೆ. ಯಾವ ಹೊತ್ತಿಗೆ ಯಾರಿಗೆ ತಿಳಿಸಲಾಯಿತು, ಅದಕ್ಕೆ ದಾಖಲೆ ಏನಿದೆ ಎಂಬುದರ ಮೇಲೆ ಹಣ ಮರಳುವುದು, ಮರಳದಿರುವುದು ನಿಂತಿರುತ್ತದೆ.

ಕಾರ್ಡಿನ ಮೇಲಿನ ಅಂಕಿಗಳು

ಕಾರ್ಡಿನ ಮೇಲೆ ಸಾಮಾನ್ಯವಾಗಿ 16 ಅಂಕಿಗಳಿರುತ್ತವೆ. ಮೊದಲ ಅಂಕಿ ಯಾವ ಜಾಲದ ಕಾರ್ಡ್ ಎಂದು ಹೇಳುತ್ತದೆ: 4 ಇದ್ದರೆ ವೀಸಾ, 5 ಇದ್ದರೆ ಹೆಚ್ಚಾಗಿ ಮಾಸ್ಟರ್‌ಕಾರ್ಡ್, 6 ಇದ್ದರೆ ಹೆಚ್ಚಾಗಿ ರುಪೇ. ಮೊದಲ ಆರರಿಂದ ಎಂಟು ಅಂಕಿಗಳು ಕಾರ್ಡ್ ಕೊಟ್ಟ ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ಸೂಚಿಸುತ್ತವೆ. ಕೊನೆಯದು ಉಳಿದ ಅಂಕಿಗಳು ಸರಿ ಇವೆಯೇ ಎಂದು ತಾಳೆ ನೋಡುವ ಅಂಕಿ. ಅಂದರೆ ಒಂದೇ ಬ್ಯಾಂಕಿನ ಒಂದೇ ಬಗೆಯ ಕಾರ್ಡಿರುವ ಸಾವಿರಾರು ಗ್ರಾಹಕರ ಮೊದಲ ಅಂಕಿಗಳು ಒಂದೇ ಆಗಿರುತ್ತವೆ. ವಂಚಕ ಫೋನಿನಲ್ಲಿ ಆ ಅಂಕಿಗಳನ್ನು ಓದಿ, ‘ಹೀಗೇ ಶುರುವಾಗುತ್ತೆ ಅಲ್ವಾ ಸಾರ್?’ ಎಂದು ಕೇಳಿದರೆ ಅವನ ಕೈಯಲ್ಲಿ ಗ್ರಾಹಕರ ಕಡತ ಇದೆ ಎಂದೇನೂ ಅಲ್ಲ. ಊರೆಲ್ಲ ಬಲ್ಲ ಅಂಕಿ ಹೇಳಿ ನಂಬಿಕೆ ಗಳಿಸಿ, ಉಳಿದದ್ದನ್ನು ಗ್ರಾಹಕರ ಬಾಯಿಂದಲೇ ಹೇಳಿಸುವುದು ಅವನ ಕಸುಬು.

ಕಾರ್ಡಿನ ರಕ್ಷಣೆಗೆ ರಿಸರ್ವ್ ಬ್ಯಾಂಕ್ ಒಂದೊಂದೇ ಕಟ್ಟುಪಾಡು ತಂದಿದೆ. 2009ರ ಆಗಸ್ಟ್‌ನಿಂದ ದೇಶದೊಳಗಿನ ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ದೃಢೀಕರಣ ಕಡ್ಡಾಯವಾಯಿತು. ಇಂದು ಎಲ್ಲರಿಗೂ ಗೊತ್ತಿರುವ ಓಟಿಪಿ ಅದರ ಫಲ. ಹಳೆಯ ಕಾರ್ಡುಗಳ ಬೆನ್ನ ಮೇಲಿನ ಕಪ್ಪು ಪಟ್ಟಿಯಲ್ಲಿದ್ದ ಮಾಹಿತಿ ಎಂದೂ ಬದಲಾಗುತ್ತಿರಲಿಲ್ಲ. ಎಟಿಎಂ ಬಾಯಿಗೆ ಚಿಕ್ಕ ಓದುಯಂತ್ರ ಅಂಟಿಸಿದರೆ ಅದನ್ನು ನಕಲು ಮಾಡಬಹುದಿತ್ತು. ಚಿಪ್ ಇರುವ ಕಾರ್ಡು ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುವುದರಿಂದ ಅದರ ನಕಲು ಕಷ್ಟ. 2018ರ ಡಿಸೆಂಬರ್ 31ರೊಳಗೆ ಹಳೆಯ ಕಾರ್ಡುಗಳನ್ನು ಚಿಪ್ ಕಾರ್ಡಿಗೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಗಡುವು ಕೊಡಲಾಗಿತ್ತು. 2022ರ ಅಕ್ಟೋಬರ್ 1ರಿಂದ ಶಾಪಿಂಗ್ ಜಾಲತಾಣಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ಜಾಲತಾಣಕ್ಕೆ ಮಾತ್ರ ಸಲ್ಲುವ ‘ಟೋಕನ್’ ಇಟ್ಟುಕೊಳ್ಳಬೇಕು.

ಈ ಎಚ್ಚರಿಕೆಗಳಿಗೆ ಕಾರಣವೂ ಇತ್ತು. 2016ರಲ್ಲಿ ಎಟಿಎಂ ಜಾಲ ನಡೆಸುವ ಸಂಸ್ಥೆಯೊಂದರ ಕಂಪ್ಯೂಟರುಗಳಿಗೆ ದುರುದ್ದೇಶದ ತಂತ್ರಾಂಶ ಹೊಕ್ಕು, ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಭದ್ರತೆಯೇ ಪ್ರಶ್ನೆಯಾಯಿತು. 19 ಬ್ಯಾಂಕುಗಳ 641 ಗ್ರಾಹಕರು ಒಟ್ಟು 1.3 ಕೋಟಿ ರೂಪಾಯಿ ಕಳೆದುಕೊಂಡರು. ಆ ಗ್ರಾಹಕರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ವಂಚನೆಗೆ ಒಳಗಾದವರನ್ನೆಲ್ಲ ದಡ್ಡರೆಂದು ಜರೆಯುವವರು ಇದನ್ನು ನೆನಪಿಡಬೇಕು. ತಪ್ಪು ಯಾರದು ಎಂಬ ಪ್ರಶ್ನೆ, ಮುಂದೆ ನೋಡುವಂತೆ, ನಷ್ಟ ಯಾರ ತಲೆಗೆ ಎಂಬುದನ್ನೂ ನಿರ್ಧರಿಸುತ್ತದೆ.

ಕರೆ, ಲಿಂಕ್, ಎಪಿಕೆ

ಯಂತ್ರದ ಕಡೆಯ ಬಾಗಿಲು ಭದ್ರವಾದಷ್ಟೂ ಕಳ್ಳರು ಮನುಷ್ಯರ ಕಡೆಗೆ ತಿರುಗಿದರು. ಕರೆಯ ನೆಪ ಆಗಾಗ ಬದಲಾಗುತ್ತದೆ: ಕಾರ್ಡಿನ ಮಿತಿ ಹೆಚ್ಚಿಸುತ್ತೇವೆ, ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿಗೆ ಮುಗಿಯುತ್ತದೆ, ಕೆವೈಸಿ ಆಗಿಲ್ಲ, ವಾರ್ಷಿಕ ಶುಲ್ಕ ಮನ್ನಾ ಮಾಡುತ್ತೇವೆ. ಮೈಸೂರಿನಲ್ಲಿ ಮನೆಗೆ ಕರೆಂಟ್ ಕೊಡುವುದು ಸೆಸ್ಕ್. ಆದರೆ ‘ಬಿಲ್ ಬಾಕಿ ಇದೆ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂಬ ಸಂದೇಶ ಯಾವುದೋ ಖಾಸಗಿ ಮೊಬೈಲ್ ಸಂಖ್ಯೆಯಿಂದ ಬರುತ್ತದೆ. ಮದುವೆಯ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ ಬರುವುದೂ ಉಂಟು. ಅದನ್ನು ಒತ್ತಿ ಅನುಮತಿ ಕೊಟ್ಟರೆ ಫೋನಿನೊಳಗೆ ಆ್ಯಪ್ ಇಳಿದು, ಬರುವ ಎಸ್ಸೆಮ್ಮೆಸ್‌ಗಳನ್ನು ಓದಿ ವಂಚಕನಿಗೆ ರವಾನಿಸಬಲ್ಲದು. ಗ್ರಾಹಕರು ಓಟಿಪಿಯನ್ನು ಯಾರಿಗೂ ಹೇಳದೆಯೇ ಅದು ಕೈತಪ್ಪುವುದು ಹೀಗೆ.

ಇನ್ನೊಂದು ಬಗೆಯಲ್ಲಿ ಕರೆ ಮಾಡುವವರು ಗ್ರಾಹಕರೇ. ಕೊಂಡ ವಸ್ತು ಹಿಂತಿರುಗಿಸಲು, ಹಣ ವಾಪಸು ಪಡೆಯಲು ಕಸ್ಟಮರ್ ಕೇರ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಸಿಕ್ಕುವುದು ವಂಚಕ ಹಾಕಿಟ್ಟ ಸಂಖ್ಯೆ. ಅವನು ಫೋನಿನ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುತ್ತಾನೆ. ಅಲ್ಲಿಂದ ಮುಂದೆ ಪಿನ್, ಓಟಿಪಿ ಎಲ್ಲವೂ ಅವನ ಕಣ್ಣೆದುರೇ.

ನೆಪ ಯಾವುದಾದರೂ ಕೊನೆಗೆ ಬರುವ ಓಟಿಪಿ ಸಂದೇಶವನ್ನು ಪೂರ್ತಿ ಓದಿದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ. ಆ ಸಂದೇಶದಲ್ಲಿ ಆರು ಅಂಕಿಯ ಸಂಖ್ಯೆಯ ಜೊತೆಗೆ ಎಷ್ಟು ರೂಪಾಯಿ, ಯಾವ ಅಂಗಡಿಗೆ ಎಂಬುದೂ ಸಾಮಾನ್ಯವಾಗಿ ಇರುತ್ತದೆ. ‘ಬೇರೆ ಯಾರೋ ನಿಮ್ಮ ಕಾರ್ಡಿನಲ್ಲಿ ಖರೀದಿ ಮಾಡ್ತಿದ್ದಾರೆ, ಕ್ಯಾನ್ಸಲ್ ಮಾಡೋಕೆ ನಂಬರ್ ಹೇಳಿ’ ಎಂದು ಕರೆಯವನು ಅವಸರಪಡಿಸುತ್ತಿರುವಾಗ, ಸಂದೇಶದಲ್ಲಿ ಪಾವತಿಯ ಮೊತ್ತವೂ ಅಂಗಡಿಯ ಹೆಸರೂ ಬರೆದಿರುತ್ತದೆ. ಗಾಬರಿಯಲ್ಲಿರುವವರ ಕಣ್ಣು ಅಂಕಿಯ ಮೇಲೆ ಮಾತ್ರ ಹೋಗುತ್ತದೆ. ಹಣ ಬರಲು, ಪಾವತಿ ರದ್ದಾಗಲು ಬ್ಯಾಂಕಿನ ಸಿಬ್ಬಂದಿಗೆ ಗ್ರಾಹಕರ ಓಟಿಪಿ ಬೇಕಾಗುವುದೇ ಇಲ್ಲ.

ವಿದೇಶಿ ಜಾಲತಾಣಗಳ ಕತೆ ಬೇರೆ. ಹಲವು ಕಡೆ ಓಟಿಪಿ ಇಲ್ಲದೆ, ಕಾರ್ಡ್ ಸಂಖ್ಯೆ, ಮುಗಿಯುವ ದಿನಾಂಕ, ಸಿವಿವಿ ಇಷ್ಟರಿಂದಲೇ ಪಾವತಿ ನಡೆದುಹೋಗುತ್ತದೆ. ನಡುರಾತ್ರಿ ಡಾಲರ್ ಲೆಕ್ಕದಲ್ಲಿ ಖರೀದಿಯ ಸಂದೇಶ ಬಂದರೆ ಕಾರಣ ಬಹುಮಟ್ಟಿಗೆ ಇದೇ.

ಹೆಸರು ಕದಿಯುವ ದಾರಿಗಳು

ಗುರುತಿನ ಕಳವಿಗೆ ಬೇಕಾದ ಸಾಮಗ್ರಿ ಹಲವು ಸಲ ಎಲ್ಲರ ಕಣ್ಣೆದುರೇ ಇರುತ್ತದೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ತಮ್ಮ ಸಂಖ್ಯೆಯನ್ನು ಹೊರಗಿನ ಬೋರ್ಡಿನ ಮೇಲೆ ಬರೆಸಬೇಕೆಂಬುದು ನಿಯಮ. 15 ಅಕ್ಷರ-ಅಂಕಿಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಮಾಲೀಕರ ಪ್ಯಾನ್. ಒಬ್ಬರೇ ಮಾಲೀಕರಾಗಿರುವ ದಿನಸಿ ಅಂಗಡಿಯಾದರೆ ಅದು ಆ ವ್ಯಕ್ತಿಯ ಸ್ವಂತ ಪ್ಯಾನ್. 2023ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಹಿಡಿದ ಐವರ ತಂಡ ಇದೇ ಜಾಡು ಹಿಡಿದಿತ್ತು. ಸಿನಿಮಾ ನಟರು, ಕ್ರಿಕೆಟಿಗರ ಜಿಎಸ್‌ಟಿ ಸಂಖ್ಯೆಯಿಂದ ಪ್ಯಾನ್ ತೆಗೆದು, ಅಂತರ್ಜಾಲದಲ್ಲಿ ಸಿಗುವ ಅವರ ಹುಟ್ಟಿದ ದಿನಾಂಕ ಸೇರಿಸಿ, ತಮ್ಮ ಫೋಟೊ ಅಂಟಿಸಿದ ನಕಲಿ ಗುರುತುಪತ್ರ ಮಾಡಿ, ಆ ಹೆಸರುಗಳಲ್ಲಿ ಕ್ರೆಡಿಟ್ ಕಾರ್ಡ್ ಪಡೆದು ಸುಮಾರು 21 ಲಕ್ಷ ರೂಪಾಯಿಯ ಖರೀದಿ ಮಾಡಿದ್ದರು. ಬೋರ್ಡ್ ತೆಗೆಯಲು ಕಾನೂನು ಬಿಡುವುದಿಲ್ಲ. ಆದ್ದರಿಂದ ಪ್ಯಾನ್ ಸಂಖ್ಯೆ ಗುಟ್ಟಾಗಿಯೇ ಇದೆ ಎಂದು ಅಂಗಡಿಯವರು ನೆಚ್ಚಿಕೊಳ್ಳುವಂತಿಲ್ಲ. ತಮ್ಮ ಹೆಸರಿನಲ್ಲಿ ಸಾಲ ಹುಟ್ಟಿದೆಯೇ ಎಂದು ಆಗಾಗ ನೋಡಿಕೊಳ್ಳುವುದೊಂದೇ ಅವರಿಗೆ ಉಳಿದ ದಾರಿ.

ಕರ್ನಾಟಕಕ್ಕೆ ಹೆಚ್ಚು ತಟ್ಟಿದ್ದು ಬೆರಳಚ್ಚಿನ ಕಳವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಹಣ ಪಡೆಯಬಹುದು. ಪಿನ್ ಬೇಡ, ಓಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿ ಮಿತಿ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯ ಜನರಿಗೆ ಅನುಕೂಲವಾಗಲೆಂದು ಬಂದ ವ್ಯವಸ್ಥೆ ಇದು. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಹಲವರ ಖಾತೆಯಿಂದ ಹೀಗೆ ಹಣ ಹೋಯಿತು. ಅವರಲ್ಲಿ ಅನೇಕರು ಸ್ವಲ್ಪ ಹಿಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದವರು. ನೋಂದಣಿ ಪತ್ರಗಳಲ್ಲಿ ಆಧಾರ್ ವಿವರ, ಹೆಬ್ಬೆಟ್ಟಿನ ಗುರುತು ಎರಡೂ ಇರುತ್ತಿದ್ದವು. ಅವುಗಳ ಪ್ರತಿಯಿಂದ ಬೆರಳಚ್ಚಿನ ಅಚ್ಚು ತಯಾರಿಸಿ ಯಂತ್ರವನ್ನು ನಂಬಿಸಲಾಗುತ್ತಿದೆ ಎಂಬುದು ತನಿಖೆಯಲ್ಲಿ ಮುಂದೆ ಬಂತು. ಆಮೇಲೆ ಪತ್ರದ ಪ್ರತಿಗಳಲ್ಲಿ ಈ ವಿವರ ಮರೆಮಾಡುವ ಕ್ರಮಕ್ಕೆ ನೋಂದಣಿ ಇಲಾಖೆ ಮುಂದಾಯಿತು. ಜನರಿಗೆ ಪೊಲೀಸರು ಕೊಟ್ಟ ಸಲಹೆ, ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿ ಎಂಬುದು.

ಮೂರನೆಯ ದಾರಿ ಸಿಮ್. ವಂಚಕ ನಕಲಿ ದಾಖಲೆ ಕೊಟ್ಟು, ‘ಸಿಮ್ ಕಳೆದಿದೆ’ ಎಂದು ಗ್ರಾಹಕರ ಸಂಖ್ಯೆಗೆ ಹೊಸ ಸಿಮ್ ತೆಗೆಸುತ್ತಾನೆ. ಅಸಲಿ ಫೋನಿನಲ್ಲಿ ಸಿಗ್ನಲ್ ಹೋಗುತ್ತದೆ, ಬ್ಯಾಂಕಿನ ಸಂದೇಶಗಳೆಲ್ಲ ಕಳ್ಳನ ಕೈ ಸೇರುತ್ತವೆ. ಅಕ್ಕಪಕ್ಕದವರ ಫೋನ್ ನಡೆಯುತ್ತಿದ್ದು ಒಂದೇ ಫೋನಿನಲ್ಲಿ ಗಂಟೆಗಟ್ಟಲೆ ಸಿಗ್ನಲ್ ಇಲ್ಲದಿದ್ದರೆ ಕಂಪನಿಯನ್ನು ಕೂಡಲೇ ವಿಚಾರಿಸಬೇಕು.

ನಾಲ್ಕನೆಯದು ಬಹಳ ಹಳೆಯ ದಾರಿ. ಸಿಮ್ ಅಂಗಡಿ, ಬಾಡಿಗೆ ಮನೆ, ಲಾಡ್ಜ್, ಚೀಟಿ ವ್ಯವಹಾರ ಎಂದು ಎಲ್ಲೆಲ್ಲೋ ಕೊಟ್ಟ ಆಧಾರ್ ಜೆರಾಕ್ಸ್. ಕಂತಿನಲ್ಲಿ ಟಿವಿ, ಮೊಬೈಲ್ ಕೊಳ್ಳುವಾಗ ಕೊಟ್ಟ ದಾಖಲೆಯ ಮೇಲೆ ಇನ್ನೊಂದು ಸಾಲ ಹುಟ್ಟಿಸಲು ಬರುತ್ತದೆ. ಪರಿಚಿತರೇ ಹೀಗೆ ಮಾಡಿದಾಗ ದೂರು ಕೊಡಲು ಮನೆಯವರು ಹಿಂಜರಿಯುವುದರಿಂದ ಸಾಲ ಬೆಳೆಯುತ್ತ ಹೋಗುತ್ತದೆ.

ಮೊದಲ ಗಂಟೆ

ಮಾಡದ ಖರೀದಿಯ ಸಂದೇಶ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಕಾರ್ಡ್ ಬ್ಲಾಕ್. ಬ್ಯಾಂಕಿನ ಆ್ಯಪ್‌ನಲ್ಲಿ, ಇಲ್ಲವೇ ಕಾರ್ಡಿನ ಹಿಂಬದಿ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡಿ ಇದನ್ನು ಮಾಡಬಹುದು. ಗೂಗಲ್‌ನಲ್ಲಿ ಸಂಖ್ಯೆ ಹುಡುಕುವುದು ಇಂಥ ಹೊತ್ತಿನಲ್ಲಂತೂ ಬೇಡ. ಇಂಥ ದೂರುಗಳನ್ನು ಹಗಲು ರಾತ್ರಿ ಸ್ವೀಕರಿಸುವ ವ್ಯವಸ್ಥೆ ಇಡಬೇಕಾದದ್ದು ಬ್ಯಾಂಕಿನ ಹೊಣೆ. ದೂರು ದಾಖಲಾದ ಸಂಖ್ಯೆಯನ್ನೂ ಸಮಯವನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು.

ಎರಡನೆಯದು 1930ಕ್ಕೆ ಕರೆ. 2021ರಲ್ಲಿ 155260 ಎಂಬ ಸಂಖ್ಯೆಯೊಂದಿಗೆ ಶುರುವಾಗಿ, ನಂತರ 1930 ಆದ ರಾಷ್ಟ್ರೀಯ ಸಹಾಯವಾಣಿ ಇದು. ಹೋದ ಮೊತ್ತ, ಸಮಯ, ಬ್ಯಾಂಕಿನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ವ್ಯವಹಾರದ ಸಂಖ್ಯೆ, ವಂಚಕ ಕರೆ ಮಾಡಿದ ನಂಬರ್ ಇಷ್ಟನ್ನು ಕೈಯಲ್ಲಿ ಹಿಡಿದು ಕರೆ ಮಾಡಿದರೆ ಕೆಲಸ ಬೇಗ ಆಗುತ್ತದೆ. ಪಿನ್, ಸಿವಿವಿ, ಓಟಿಪಿಗಳನ್ನು ಇಲ್ಲಿಯೂ ಹೇಳುವ ಅಗತ್ಯವಿಲ್ಲ. ಅಲ್ಲಿ ದಾಖಲಾದ ದೂರು ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಆ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಕ್ಕೆ ದಾಟಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ವಂಚಕರು ಹಣವನ್ನು ನಿಮಿಷಗಳಲ್ಲಿ ಬೇರೆ ಬೇರೆಯವರ ಹೆಸರಿನ ಖಾತೆಗಳಿಗೆ ಹಂಚಿ, ಕೊನೆಗೆ ಎಟಿಎಂನಲ್ಲಿ ತೆಗೆಯುತ್ತಾರೆ. ಆ ಸರಪಳಿಯ ಕೊನೆಯ ಕೊಂಡಿ ದಾಟುವ ಮೊದಲು ತಡೆ ಬೀಳಬೇಕು. ಮೊದಲ ಗಂಟೆಗೆ ಬೆಲೆ ಬಂದಿರುವುದು ಇದರಿಂದಲೇ.

ಇಂಥ ಸರಪಳಿಗೆ ಖಾತೆ ಕೊಡುವವರಲ್ಲಿ ಕಮಿಷನ್ ಆಸೆಗೆ ಬಿದ್ದ ವಿದ್ಯಾರ್ಥಿಗಳೂ ಇರುತ್ತಾರೆ. ಎಟಿಎಂ ಕಾರ್ಡ್, ಸಿಮ್ ಸಮೇತ ಖಾತೆಯನ್ನು ‘ಬಾಡಿಗೆ’ಗೆ ಕೊಟ್ಟವರು ಪೊಲೀಸ್ ಕಡತದಲ್ಲಿ ಆರೋಪಿಗಳಾಗುತ್ತಾರೆ. ‘ನನಗೇನೂ ಗೊತ್ತಿರಲಿಲ್ಲ’ ಎಂದರೆ ಅಷ್ಟು ಸುಲಭವಾಗಿ ಬಿಡುಗಡೆ ಇಲ್ಲ.

ಮೂರು ದಿನ, ಏಳು ದಿನ

ಗ್ರಾಹಕರ ಅನುಮತಿ ಇಲ್ಲದೆ ನಡೆದ ವ್ಯವಹಾರದ ನಷ್ಟ ಯಾರು ಹೊರಬೇಕು ಎಂಬುದನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ನಷ್ಟವಿಲ್ಲ, ಅವರು ದೂರು ಕೊಟ್ಟಿರಲಿ ಬಿಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಎಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟಕ್ಕೆ ಮಿತಿಯಿದೆ: 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ ಸಾಮಾನ್ಯ ಉಳಿತಾಯ ಖಾತೆಗೂ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕಿಂತ ದೊಡ್ಡ ಮಿತಿಯ ಕಾರ್ಡಿಗೆ 25,000, ಮೂಲ ಉಳಿತಾಯ ಖಾತೆಗೆ 5,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ರಿಸರ್ವ್ ಬ್ಯಾಂಕ್ ತನ್ನ ನಿಯಮಗಳನ್ನು ಪರಿಷ್ಕರಿಸುತ್ತಿರುವುದರಿಂದ, ದೂರು ಕೊಡುವ ಹೊತ್ತಿಗೆ ಜಾರಿಯಲ್ಲಿರುವ ಮಿತಿ ಎಷ್ಟೆಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು.

ದಿನ ಎಣಿಸುವ ಬಗೆಯೂ ಸುತ್ತೋಲೆಯಲ್ಲೇ ಇದೆ. ಬ್ಯಾಂಕಿನ ಸಂದೇಶ ಬಂದ ದಿನವನ್ನು ಬಿಡಬೇಕು, ಖಾತೆಯಿರುವ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ತಿಂಗಳ ಎರಡನೇ ಶನಿವಾರದ ಹಿಂದಿನ ಶುಕ್ರವಾರ ರಾತ್ರಿ ಸಂದೇಶ ಬಂತು ಎನ್ನೋಣ. ಶನಿವಾರ, ಭಾನುವಾರ ಬ್ಯಾಂಕಿಗೆ ರಜೆ. ಸೋಮವಾರ ಮೊದಲ ದಿನ, ಬುಧವಾರ ಮೂರನೆಯ ದಿನ. ಆ ಬುಧವಾರದೊಳಗೆ ದೂರು ದಾಖಲಾದರೆ ಗ್ರಾಹಕರು ಮೊದಲ ವರ್ಗಕ್ಕೆ ಸೇರುತ್ತಾರೆ. ಗುರುವಾರವಾದರೆ ಎರಡನೆಯ ವರ್ಗ.

ಗ್ರಾಹಕರೇ ಪಿನ್ ಅಥವಾ ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ‘ನಾನೇ ಹೇಳಿಬಿಟ್ಟೆ, ಇನ್ನು ದೂರು ಕೊಟ್ಟು ಏನು ಪ್ರಯೋಜನ’ ಎಂದು ಸುಮ್ಮನೆ ಕೂರುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ. ಒಂದೇ ಕಾರ್ಡಿನಿಂದ ಹಣ ನಾಲ್ಕೈದು ಕಂತಿನಲ್ಲಿ ಹೋಗುವುದು ಸಾಮಾನ್ಯ. ಎರಡನೆಯ ಕಂತಿನ ಹೊತ್ತಿಗೆ ತಿಳಿಸಿದರೂ ಉಳಿದದ್ದು ಉಳಿಯುತ್ತದೆ.

ಗ್ರಾಹಕರದೇ ತಪ್ಪು ಎಂದು ಬ್ಯಾಂಕ್ ವಾದಿಸಿದರೆ ಅದನ್ನು ಸಾಬೀತುಪಡಿಸುವ ಹೊರೆ ಬ್ಯಾಂಕಿನ ಮೇಲಿದೆ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಮರಳಿಸಬೇಕು, 90 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ಕ್ರೆಡಿಟ್ ಕಾರ್ಡಿಗೆ ಇನ್ನೂ ಒಂದು ರಕ್ಷಣೆ ಇದೆ. 2022ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ವಂಚನೆ ಎಂದು ತಕರಾರು ಮಾಡಿದ ವ್ಯವಹಾರದ ಮೇಲೆ ಅದು ಇತ್ಯರ್ಥವಾಗುವ ತನಕ ಶುಲ್ಕ ವಿಧಿಸುವಂತಿಲ್ಲ. ತಕರಾರಿಲ್ಲದ ಉಳಿದ ಬಾಕಿಯನ್ನು ಮಾತ್ರ ಗಡುವಿನೊಳಗೆ ಕಟ್ಟಿಬಿಡಬೇಕು. ಸಿಟ್ಟಿನಲ್ಲಿ ಇಡೀ ಬಿಲ್ ಬಾಕಿ ಇಟ್ಟರೆ ಬಡ್ಡಿ ಬೆಳೆಯುತ್ತದೆ, ಸಾಲದ ಅಂಕವೂ ಕುಸಿಯುತ್ತದೆ.

ಬ್ಯಾಂಕಿನ ಹೊಣೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆ ಹಿಂತಿರುಗಿಸಲು ಹೋಗಿ 94 ಸಾವಿರ ರೂಪಾಯಿ ಕಳೆದುಕೊಂಡ ಅಸ್ಸಾಮಿನ ಗ್ರಾಹಕರೊಬ್ಬರಿಗೆ ಹಣ ಮರಳಿಸಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಪ್ರಶ್ನಿಸಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನೇ ಎತ್ತಿಹಿಡಿಯಿತು. ಆ ಗ್ರಾಹಕರು ವಂಚನೆಯಾದ 24 ಗಂಟೆಗಳೊಳಗೆ ಬ್ಯಾಂಕಿಗೆ ತಿಳಿಸಿದ್ದರು ಎಂಬ ಅಂಶ ಅಲ್ಲಿ ಅವರ ಕೈ ಹಿಡಿಯಿತು.

ಠಾಣೆಯಲ್ಲಿ

1930ರ ಕರೆಯ ನಂತರ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಪೂರ್ತಿ ವಿವರ ತುಂಬಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು. ಇಂದು ಮೈಸೂರು ನಗರಕ್ಕೂ ಸೆನ್ ಠಾಣೆ ಇದೆ. ಸೈಬರ್, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತುಗಳ ಪ್ರಕರಣಗಳು ಅದರ ವ್ಯಾಪ್ತಿಯವು. ಅಶೋಕಪುರಂನವರು ಬಡಾವಣೆಯ ಠಾಣೆಗೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇಮೇಲ್ ಮುಂತಾದ ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೆ ಮೂರು ದಿನಗಳೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ.

ಇನ್ನೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ, ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಅಡಿ ಅಪರಾಧ. ಕಂಪ್ಯೂಟರ್ ಅಥವಾ ಫೋನ್ ಮೂಲಕ ಬೇರೆಯವರಂತೆ ನಟಿಸಿ ಮೋಸ ಮಾಡುವುದು 66ಡಿ ಅಡಿ ಬರುತ್ತದೆ. ಎರಡಕ್ಕೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಂಗಳು ವಂಚನೆ ಹಾಗೂ ವೇಷ ಮರೆಸಿ ವಂಚಿಸುವುದಕ್ಕೆ ಸಂಬಂಧಿಸಿವೆ. ತಡೆಹಿಡಿದ ಹಣ ದೂರುದಾರರ ಖಾತೆಗೆ ತಾನಾಗಿ ಮರಳುವುದಿಲ್ಲ. ಹಲವು ಸಲ ಅದಕ್ಕೆ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಹಾಗಾಗಿ ದೂರಿನ ಸಂಖ್ಯೆ, ಎಫ್‌ಐಆರ್ ಪ್ರತಿ, ಎಷ್ಟು ಹಣ ಯಾವ ಖಾತೆಯಲ್ಲಿ ತಡೆಹಿಡಿಯಲಾಗಿದೆ ಎಂಬ ವಿವರ ಜೋಪಾನವಾಗಿರಬೇಕು.

ಹೆಸರನ್ನು ಸರಿಪಡಿಸುವುದು

ಗುರುತು ಕಳವಾದದ್ದು ಹಲವು ಸಲ ತಿಂಗಳುಗಳ ನಂತರ ತಿಳಿಯುತ್ತದೆ. ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು, ‘ನಿಮ್ಮ ಹೆಸರಿನಲ್ಲಿ ಕಟ್ಟದ ಸಾಲ ಇದೆಯಲ್ಲ’ ಎಂದಾಗಲೋ, ಗೊತ್ತಿಲ್ಲದ ಸಂಸ್ಥೆಯ ವಸೂಲಿಯವರು ಫೋನ್ ಮಾಡಿದಾಗಲೋ. ಇದನ್ನು ಬೇಗ ಪತ್ತೆ ಹಚ್ಚುವ ಸಾಧನ ಸಾಲ ವರದಿ. ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆ ಇಟ್ಟಿರುತ್ತವೆ. 2017ರಿಂದ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯುವ ಬದಲು ಮೂರು ತಿಂಗಳಿಗೊಂದರಂತೆ ತೆಗೆದರೆ ಖರ್ಚಿಲ್ಲದೆ ವರ್ಷವಿಡೀ ಕಾವಲು ಇದ್ದಂತೆ.

ವರದಿಯಲ್ಲಿ ತನ್ನದಲ್ಲದ ಸಾಲ ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ತಕರಾರು ಸಲ್ಲಿಸಿ, ಪೊಲೀಸ್ ದೂರಿನ ಪ್ರತಿ ಲಗತ್ತಿಸಬೇಕು. ಅರ್ಜಿಯಲ್ಲಿದ್ದ ಫೋಟೊ, ಸಹಿ, ವಿಳಾಸ, ಸಾಲದ ಹಣ ಹೋದ ಖಾತೆಯ ವಿವರ ಕೇಳಬೇಕು. ಸುಳ್ಳು ಬಯಲಾಗುವುದು ಅಲ್ಲೇ. ತಕರಾರನ್ನು 30 ದಿನಗಳಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ‘ಸದ್ಯ ಸ್ವಲ್ಪ ಕಟ್ಟಿ, ಆಮೇಲೆ ಸರಿ ಮಾಡುತ್ತೇವೆ’ ಎಂದು ವಸೂಲಿಯವರು ಹೇಳಿದರೆ ಕಟ್ಟಬಾರದು. ಒಂದು ಕಂತು ಕಟ್ಟಿದರೂ ಸಾಲ ಒಪ್ಪಿಕೊಂಡಂತೆ ವಾದಿಸಲು ಅವರಿಗೆ ಎಡೆಯಾಗುತ್ತದೆ.

ಕೇಳದೆಯೇ ಕಾರ್ಡ್ ಕಳುಹಿಸುವುದನ್ನು 2022ರ ನಿರ್ದೇಶನ ನಿಷೇಧಿಸಿದೆ. ಹಾಗೆ ಕಳುಹಿಸಿ ಶುಲ್ಕ ಹಾಕಿದರೆ ಆ ಶುಲ್ಕ ರದ್ದು ಮಾಡುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ಗ್ರಾಹಕರಿಗೆ ಕೊಡಬೇಕು. ಅಂಥ ಕಾರ್ಡ್ ದಾರಿಯಲ್ಲಿ ಕಳವಾಗಿ ದುರ್ಬಳಕೆಯಾದರೆ ನಷ್ಟ ಕಾರ್ಡ್ ಕೊಟ್ಟವರದೇ.

ಸಿಮ್‌ಗಳ ಪರಿಶೀಲನೆಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಇದೆ. ಮೊಬೈಲ್ ಸಂಖ್ಯೆ ಕೊಟ್ಟರೆ ಆ ಸಂಖ್ಯೆಯವರ ಹೆಸರಿನಲ್ಲಿರುವ ಎಲ್ಲ ಸಂಪರ್ಕಗಳ ಪಟ್ಟಿ ಬರುತ್ತದೆ. ತನ್ನದಲ್ಲದ್ದನ್ನು ಅಲ್ಲಿಯೇ ಗುರುತಿಸಿ ತಿಳಿಸಬಹುದು. ಆಧಾರ್ ಆ್ಯಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕಿದರೆ ಬೆರಳಚ್ಚಿನಿಂದ ಯಾರೂ ಹಣ ತೆಗೆಯಲಾಗದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಚರಿತ್ರೆಯೂ ಅಲ್ಲೇ ಸಿಗುತ್ತದೆ. ಆಧಾರ್ ಸಹಾಯವಾಣಿ 1947.

ಬ್ಯಾಂಕ್ ಒಪ್ಪದಿದ್ದರೆ

ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು. 2021ರ ನವೆಂಬರ್ 12ರಂದು ಬೇರೆ ಬೇರೆ ಒಂಬುಡ್ಸ್‌ಮನ್ ಯೋಜನೆಗಳನ್ನು ಒಂದುಗೂಡಿಸಲಾಯಿತು. ದೂರನ್ನು ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಅಂಚೆಯಲ್ಲಿ ಕಳುಹಿಸುವವರ ಪತ್ರಗಳನ್ನು ಚಂಡೀಗಢದ ಕೇಂದ್ರ ಯಾವ ಭಾಷೆಯಲ್ಲಿದ್ದರೂ ಸ್ವೀಕರಿಸುತ್ತದೆ, ಕನ್ನಡದಲ್ಲಿ ಬರೆದರೆ ಸಾಕು. ಮಾಹಿತಿಗೆ 14448. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ದಾರಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಗಳನ್ನು ರಾಜ್ಯ ಸರ್ಕಾರದ ಐಟಿ ಇಲಾಖೆಯ ಕಾರ್ಯದರ್ಶಿ ನ್ಯಾಯನಿರ್ಣಯ ಅಧಿಕಾರಿಯಾಗಿ ವಿಚಾರಿಸುತ್ತಾರೆ.

ಈ ಎಲ್ಲ ಕಡೆಯೂ ಕೇಳುವ ಮೊದಲ ಪ್ರಶ್ನೆ ಒಂದೇ: ಬ್ಯಾಂಕಿಗೆ ಯಾವಾಗ ತಿಳಿಸಿದಿರಿ, ದಾಖಲೆ ಎಲ್ಲಿದೆ? ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲೋ, ಶಾಖೆಗೆ ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೋ ಗಟ್ಟಿ ಮಾಡಿಕೊಳ್ಳಬೇಕು.

ಮೊದಲೇ ಮಾಡಿಡಬೇಕಾದದ್ದು

2020ರ ಅಕ್ಟೋಬರ್‌ನಿಂದ ಹೊಸ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್, ವಿದೇಶಿ ವ್ಯವಹಾರ, ಕಾರ್ಡ್ ತಾಕಿಸಿ ಪಾವತಿಸುವ ಸೌಲಭ್ಯಗಳನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ತಾಕಿಸುವ ಪಾವತಿಗೆ 5,000 ರೂಪಾಯಿವರೆಗೆ ಪಿನ್ ಬೇಡ. ಈ ಗುಂಡಿಗಳೆಲ್ಲ ಬ್ಯಾಂಕಿನ ಆ್ಯಪ್‌ನಲ್ಲೇ ಇವೆ. ವಿದೇಶಿ ಖರೀದಿ ಮಾಡದವರು ಅದನ್ನು ಆಫ್ ಮಾಡಿಟ್ಟು, ಆನ್‌ಲೈನ್ ಮಿತಿಯನ್ನು ತಿಂಗಳ ಅಗತ್ಯಕ್ಕೆ ತಕ್ಕಷ್ಟು ಇಳಿಸಿದರೆ ಕಳ್ಳನಿಗೆ ಸಂಖ್ಯೆ ಸಿಕ್ಕರೂ ಕೈಗೆ ಸಿಗುವುದು ಕಡಿಮೆ.

ಗುರುತುಪತ್ರದ ಪ್ರತಿ ಕೊಡಲೇಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಜೆರಾಕ್ಸ್ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನಾಂಕ ಎಂದು ಬರೆದು ಸಹಿ ಹಾಕಿದರೆ ಅದನ್ನು ಬೇರೆಡೆ ಬಳಸುವುದು ಕಷ್ಟವಾಗುತ್ತದೆ. ಬ್ಯಾಂಕುಗಳ ಜಾಲತಾಣಗಳು ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬಂದಿವೆ, ಲಿಂಕ್ ಒತ್ತುವ ಮೊದಲು ಆ ಬಾಲ ನೋಡಬೇಕು. ಮೊಬೈಲ್ ಸಂಖ್ಯೆ ಬದಲಾದರೆ ಅದೇ ವಾರ ಬ್ಯಾಂಕಿಗೆ ತಿಳಿಸಬೇಕು. ಹಳೆಯ ಸಂಖ್ಯೆಗೆ ಹೋದ ಎಚ್ಚರಿಕೆಯ ಸಂದೇಶ ಗ್ರಾಹಕರ ಕಣ್ಣಿಗೆ ಬೀಳದಿದ್ದರೂ ದಿನಗಳ ಎಣಿಕೆ ಶುರುವಾಗಿಬಿಡಬಹುದು. ಕಾರ್ಡ್ ಬ್ಲಾಕ್ ಮಾಡುವ ಸಂಖ್ಯೆ, 1930, ಕಾರ್ಡಿನ ಕೊನೆಯ ನಾಲ್ಕು ಅಂಕಿ ಇವನ್ನು ಫೋನಿನಲ್ಲಿ ಮಾತ್ರವಲ್ಲದೆ ಮನೆಯ ಕ್ಯಾಲೆಂಡರಿನ ಮೇಲೂ ಬರೆದಿಟ್ಟರೆ, ಫೋನೇ ಕಳವಾದ ದಿನ ಮನೆಯಲ್ಲಿರುವ ಇನ್ನೊಬ್ಬರು ಆ ಕರೆಗಳನ್ನು ಮಾಡಬಹುದು.